ತೂತು ಕೊರೆದ ಡಿಸ್ಕು

ಮಾಸ್ತರರ ಎಡಗಿವಿಯ ಅಂಚಿನಲ್ಲಿ ಯಾವಾಗಲೂ ಒಂದು ಕಪ್ಪು ಧೂಳಿನ ಗೆರೆ ಇರುತ್ತಿತ್ತು. ಕಂಪ್ಯೂಟರಿನ ಡಬ್ಬಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ಮೊದಲ ಪರೀಕ್ಷೆ. ಎಡಗಿವಿಯೋ ಬಲಗಿವಿಯೋ, ಈಗ ಆಣೆ ಮಾಡಿ ಹೇಳಲಾರೆ. ಗೆರೆಯಂತೂ ಇತ್ತು.

ಗದಗಿನ ಕಡೆಯವರು. ಪುಣೆಗೆ ಬಂದು ಟೈಪಿಂಗ್ ಕ್ಲಾಸು ನಡೆಸಿದರು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಕಂಪ್ಯೂಟರ್ ರಿಪೇರಿ ಕಲಿತರು. ಕೊಂಢವಾ ಬಡಾವಣೆಯ ನಮ್ಮ ವಸತಿ ಸೊಸೈಟಿಯಲ್ಲಿ ಎಲ್ಲರಿಗೂ ಅವರು ಮಾಸ್ತರರೇ. ಬೇರೆ ಮನೆಗಳಲ್ಲಿ ಮರಾಠಿ ಮಾತಾಡಿ ಬಂದವರು ನನ್ನೆದುರು ಕೂತ ಕೂಡಲೇ ಕನ್ನಡಕ್ಕೆ ಇಳಿಯುತ್ತಿದ್ದರು. "ನಿಮ್ಮನಿಗೆ ಬಂದ್ರ ನಾಲಿಗಿ ಕಾಲು ಚಾಚಿ ಕೂಡ್ತದ ನೋಡ್ರಿ." ನನ್ನ ಹೆಂಡತಿ ಮರಾಠಿಯವಳು. ಅವಳಿಗೆ ಕನ್ನಡ ಬಾರದು.

ನಮ್ಮ ಕಂಪ್ಯೂಟರು ಶುರುವಾಗಲು ಅಷ್ಟು ಹೊತ್ತು ತಿನ್ನುತ್ತಿತ್ತೆಂದರೆ, ಅವಳು ಗುಂಡಿ ಒತ್ತಿ ಹೋಗಿ ಕುಕ್ಕರ್ ಇಡುತ್ತಿದ್ದಳು. ಮೂರನೆಯ ಸೀಟಿಗೆ ಪರದೆ ಬೆಳಗುತ್ತಿತ್ತು. ಮಾಸ್ತರರು ನಕ್ಕರು. "ಇದು ಕಂಪ್ಯೂಟರ್ ಏನ್ರಿ, ಬ್ಯಾಳಿ ಬೇಯಿಸೋ ಮಷೀನ್ ಏನ್ರಿ?" ಆಮೇಲೆ ಕಿವಿ ಒತ್ತಿದರು. "ಎದ್ಯಾಗ ಟಕ್ ಟಕ್ ಅನ್ಲಿಕ್ಕತ್ತದ. ಡಿಸ್ಕ್ ಬದಲಿ ಮಾಡೋಣ್ರಿ. ಹೊಸಾದು ಭಾಳ ಚುರುಕು. ಆದ್ರ ಸಣ್ಣದು, ಎಲ್ಲಾ ಹಿಡಿಸಂಗಿಲ್ಲ."

ಅವರದೊಂದು ಪದ್ಧತಿ. ಹಳೆಯ ಡಿಸ್ಕಿನ ಒಂದೊಂದು ಫೋಲ್ಡರಿನ ಹೆಸರನ್ನೂ ಹಾಜರಿ ಕೂಗಿದಂತೆ ಕೂಗಿ, ಬೇಕೋ ಬೇಡವೋ ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಮನೆಯವರ ಸಹಿ ಪಡೆಯುವರು. ಬೇಕಾದ್ದನ್ನು ಹೊಸದಕ್ಕೆ ಸಾಗಿಸಿ ಹಳೆಯ ಡಿಸ್ಕಿಗೆ ಕಣ್ಣೆದುರಿಗೇ ಡ್ರಿಲ್ಲಿನಿಂದ ತೂತು ಕೊರೆಯುವರು. "ನಿಮ್ಮ ಮನಿ ಮಾತು ಗುಜರಿಯವನ ಕೈಗೆ ಹೋಗಬಾರದ್ರಿ."

"ಬಾರಾಮತಿ ಅಂತ ಒಂದು ಅದ. ಭಾಳ ದೊಡ್ಡದು. ಬೇಕೇನ್ರಿ?"

ಬಾರಾಮತಿಯ ಸಕ್ಕರೆ ಕಾರ್ಖಾನೆಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಆ ಕಾಗದಗಳೇ ಇರಬೇಕು. "ಬ್ಯಾಡ್ರಿ" ಎಂದೆ.

"ವಹಿನಿಗೆ ಒಂದ್ ಮಾತು ಕೇಳ್ತೀರೇನು?" ನನ್ನ ಹೆಂಡತಿಯನ್ನು ಅವರು ಅತ್ತಿಗೆ ಎಂಬರ್ಥದಲ್ಲಿ ವಹಿನಿ ಎನ್ನುತ್ತಿದ್ದರು.

"ಅದು ನಂದೇ, ಮಾಸ್ತರ. ಮುಂದ ಓದ್ರಿ."

ಹೆಂಡತಿ ಹತ್ತು ಹೆಜ್ಜೆಯಾಚೆ ಅಡುಗೆಮನೆಯಲ್ಲಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತು, ಒಂದೂ ಅರ್ಥವಾಗಲಿಲ್ಲ. ನಾನು ಸಹಿ ಹಾಕಿದೆ. ಡ್ರಿಲ್ಲು ಗುರುಗುಟ್ಟಿತು.

ಬಾರಾಮತಿಯ ಸುತ್ತಲ ಹಳ್ಳಿಗಳಲ್ಲಿ ಮುದುಕಿಯರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಓವಿ ಪದಗಳನ್ನು ಅವಳು ಆರು ವರ್ಷ ಭಾನುವಾರಗಳಂದು ಬಸ್ಸಿನಲ್ಲಿ ಹೋಗಿ ಧ್ವನಿಮುದ್ರಿಸಿ ತಂದಿದ್ದಳು. ಹಾಡಿದವರಲ್ಲಿ ಎಷ್ಟೋ ಮಂದಿ ಆಗಲೇ ತೀರಿಹೋಗಿದ್ದರು. ಅವುಗಳನ್ನು ಆ ಫೋಲ್ಡರಿನಲ್ಲಿ ಇಟ್ಟಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

ವಾರದ ನಂತರ ಅವಳು ಹುಡುಕಿದಳು. "ಮಾಸ್ತರರು ಅಳಿಸಿರಬೇಕು" ಎಂದೆ. ಒಂದೇ ವಾಕ್ಯ. ಯೋಚಿಸಿ ಹೇಳಿದ್ದಲ್ಲ ಎಂದು ಬರೆಯಬಹುದು. ಬರೆಯುವುದಿಲ್ಲ.

ಕರೆಸಿದಳು. ಬಂದರು, ಬಾಗಿಲಲ್ಲೇ ನಿಂತರು. "ಕಾಕಾ, ಮಾಝ್ಯಾ ಓವ್ಯಾ ಕುಠೇ ಗೇಲ್ಯಾ?" ನನ್ನ ಓವಿಗಳು ಎಲ್ಲಿ ಹೋದವು ಎಂದು ಕೇಳಿದಳು. ಮಾಸ್ತರರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಹೆಗಲ ಚೀಲದಲ್ಲಿ ನೋಟ್‌ಬುಕ್ಕು ಇತ್ತು, ಅದರಲ್ಲಿ ನನ್ನ ಸಹಿ ಇತ್ತು. "ಚೂಕ ಮಾಝೀ ಝಾಲೀ, ವಹಿನಿ" ಎಂದರು. ತಪ್ಪು ತಮ್ಮದೆಂದು.

ಅವರ ಕೈ ಚೀಲದ ಜಿಪ್ಪಿನ ತನಕ ಹೋಗಿ ನಿಂತಿತು ಎಂದು ನನ್ನ ನೆನಪು ಹೇಳುತ್ತದೆ. ಈ ನೆನಪನ್ನು ನಾನು ನಂಬುವುದಿಲ್ಲ. ಬಹುಶಃ ಅವರು ಹೆದರಿದ್ದರು. ಬಹುಶಃ ಗಂಡ ಹೆಂಡಿರ ನಡುವೆ ಏಕೆ ಎಂದುಕೊಂಡರು. ಅವರನ್ನು ಮಹಾತ್ಮರನ್ನಾಗಿ ಮಾಡಿದಷ್ಟೂ ನನ್ನ ಕೆಲಸ ಹಗುರವಾಗುತ್ತದೆ, ಮಹಾತ್ಮರಿಗೆ ನೋವಾಗುವುದಿಲ್ಲವಲ್ಲ.

ಅವರಿಗೆ ನೋವಾಗಿತ್ತು. ಸುದ್ದಿ ಸೊಸೈಟಿಯ ಹೆಂಗಸರಲ್ಲಿ ಹರಡಿತು. ಒಂದೊಂದೇ ಮನೆ ಅವರನ್ನು ಕರೆಯುವುದು ಬಿಟ್ಟಿತು. ಮುಂದೊಮ್ಮೆ ತರಕಾರಿ ಗಾಡಿಯ ಹತ್ತಿರ ಸಿಕ್ಕರು. ಕಿವಿ ಸ್ವಚ್ಛವಾಗಿತ್ತು. ಮರಾಠಿಯಲ್ಲಿ ಕೇಳಿದರು, ಕಂಪ್ಯೂಟರು ಬೇಗ ಶುರುವಾಗುತ್ತದೆಯೇ ಎಂದು. ನಾನು ಕನ್ನಡದಲ್ಲಿ "ಹೌದ್ರಿ" ಎಂದೆ. ತಲೆಯಾಡಿಸಿ, ಮೆಂತ್ಯದ ಕಟ್ಟು ಹಿಡಿದುಕೊಂಡು ಹೋದರು. ಆಮೇಲೆ ನನ್ನೊಡನೆ ಅವರು ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಹೋದ ವರ್ಷ ತೀರಿಕೊಂಡರೆಂದು ವಾಚ್‌ಮನ್ ಹೇಳಿದ.

ಆ ನೋಟ್‌ಬುಕ್ಕು ಹೇಗೋ ನನ್ನ ಕೈ ಸೇರಿತೆಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಸೇರಲಿಲ್ಲ. ರದ್ದಿಗೆ ಹೋಗಿರಬೇಕು.

ಕಂಪ್ಯೂಟರು ಈಗಲೂ ಕುಕ್ಕರಿನ ಮೊದಲ ಸೀಟಿಗೆ ಮುಂಚೆಯೇ ಸಿದ್ಧ. ಅದರಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಹೆಂಡತಿ ಚಹಾ ಇಟ್ಟು, ನನ್ನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿ, ಏನು ಬರೆಯುತ್ತಿದ್ದೀ ಎಂದು ಮರಾಠಿಯಲ್ಲಿ ಕೇಳಿದಳು. ಮಾಸ್ತರರ ಬಗ್ಗೆ ಎಂದೆ. "ಹೋಗಲಿ, ಒಳ್ಳೆಯದನ್ನೇ ಬರೆ" ಎಂದು ಒಳಗೆ ಹೋದಳು. ಪರದೆಯ ತುಂಬ ಕನ್ನಡವಿತ್ತು. ನಾನು ಮುಚ್ಚಿಡುವ ಅಗತ್ಯವೇ ಇರಲಿಲ್ಲ.