ಕೈಬಿಟ್ಟ ಹಾಡು

ನಾವು ಮೂವರಿದ್ದೆವು. ಹಾಡುವವಳು ಧಾರವಾಡದ ಕಡೆಯವಳು, ನೋಯ್ಡಾದಲ್ಲಿ ನನ್ನದೇ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಗಿಟಾರ್ ನುಡಿಸುವವನು ಕೇಂದ್ರ ಸರ್ಕಾರದ ನೌಕರರೊಬ್ಬರ ಮಗ, ದೆಹಲಿಯಲ್ಲೇ ಹುಟ್ಟಿದವನು. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಅರ್ಧಕ್ಕೇ ಹಿಂದಿಗೆ ಜಾರುತ್ತಿದ್ದ. ನಾನು ಹಾಡು ಬರೆಯುತ್ತಿದ್ದೆ, ತಕ್ಕಮಟ್ಟಿಗೆ ತಬಲಾ ಬಾರಿಸುತ್ತಿದ್ದೆ. ಶನಿವಾರ ಮಧ್ಯಾಹ್ನಗಳಲ್ಲಿ ವಸಂತ್ ಕುಂಜ್‌ನ ಗಿಟಾರಿನವನ ಮನೆಯಲ್ಲಿ ಸೇರುತ್ತಿದ್ದೆವು. ಅವನ ತಾಯಿ ನಮಗೆ ಉಪ್ಪಿಟ್ಟು ಕೊಟ್ಟು, ಸೋಫಾದ ತುದಿಯಲ್ಲಿ ಕೂತು ಕೇಳುತ್ತಿದ್ದರು.

ನನ್ನ ತಾಯಿ ಫೋನಿನಲ್ಲಿ ದಿನವೂ ಮೊದಲು ಕೇಳುವ ಮಾತು ‘ಊಟ ಆಯ್ತಾ?’ ಅದನ್ನೇ ಪಲ್ಲವಿಯಾಗಿಟ್ಟುಕೊಂಡು ಒಂದು ಹಾಡು ಬರೆದೆ. ಉಳಿದ ಇಬ್ಬರೂ ಕೂಡಿ ರಾಗ ಹಾಕಿದರು. ಆಗ ನೋಯ್ಡಾದ ಒಂದು ಸಣ್ಣ ಕೆಫೆಯಲ್ಲಿ ಭಾನುವಾರ ಸಂಜೆ ಯಾರು ಬೇಕಾದರೂ ತಾವೇ ಕಟ್ಟಿದ ಹಾಡು ಹಾಡಬಹುದಿತ್ತು. ಅಲ್ಲಿ ನಾವು ಹಾಡಿ ಮುಗಿಸಿದಾಗ, ಕನ್ನಡದ ಒಂದಕ್ಷರವೂ ತಿಳಿಯದ ವಯಸ್ಸಾದ ಸರ್ದಾರ್‌ಜಿಯೊಬ್ಬರು ಎದ್ದು ಬಂದು ಅರ್ಥ ಕೇಳಿದರು. ಹೇಳಿದೆವು. ಅವರು ಆಚೆ ಹೋಗಿ, ಮಗಳಿಗೆ ಫೋನ್ ಮಾಡಿದರು. ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಈವರೆಗೂ ಸಿಕ್ಕಿಲ್ಲ.

ವಸಂತ್ ಕುಂಜ್‌ನ ಮೇಲೆ ವಿಮಾನಗಳು ಹಾರುತ್ತಲೇ ಇರುತ್ತವೆ. ಕಿಟಕಿಗೆ ರಜಾಯಿ ಕಟ್ಟಿ, ಎರಡು ವಿಮಾನಗಳ ನಡುವಿನ ಬಿಡುವು ನೋಡಿ, ಹಾಡನ್ನು ತುಣುಕು ತುಣುಕಾಗಿ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದೆವು. ಕಂಡು ಕೇಳರಿಯದವರು ಕೇಳಿ ಬರೆದರು. ಕೆಲವು ತಿಂಗಳಿಗೆ ಗುರುಗ್ರಾಮದ ದೊಡ್ಡ ಮ್ಯೂಸಿಕ್ ಕಂಪನಿಯೊಂದರಿಂದ ಕರೆ ಬಂತು.

ಅಲ್ಲಿನ ಅಧಿಕಾರಿ ಮರ್ಯಾದಸ್ಥ. ಚಹಾ ತರಿಸಿ, ರಾಗವನ್ನೂ ಹಾಡುವವಳ ದನಿಯನ್ನೂ ಹೊಗಳಿದ. ಆಮೇಲೆ, ಕನ್ನಡ ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಹಿಂದಿಯಲ್ಲಿ ಬೇರೆಯವರಿಂದ ಬರೆಸುತ್ತೇವೆ ಎಂದ. ಅವರಿಬ್ಬರೂ ನನ್ನ ಮುಖ ನೋಡಿದರು. ನಾನು ಬೇಡ ಎಂದಿದ್ದರೆ ಎದ್ದು ಬರುತ್ತಿದ್ದರು, ಅದು ನನಗೆ ಗೊತ್ತಿತ್ತು.

“ಸಾಹಿತ್ಯ ಬದಲಾಯಿಸಬಹುದು, ಪರವಾಗಿಲ್ಲ” ಎಂದೆ.

ಲಿಫ್ಟಿನಲ್ಲಿ ಗಿಟಾರಿನವನು ಕೇಳಿದ: “ನೀನ್ಯಾಕೆ ಹೂಂ ಅಂದೆ ಯಾರ್? ವೋ ತೋ ತೇರಾ ಗಾನಾ ಥಾ.”

“ನನ್ನ ಹಾಡೇ, ಆದ್ರೆ ಹಾಗಾದ್ರೂ ನಾಲ್ಕು ಜನ ಕೇಳ್ತಾರಲ್ಲ” ಎಂದೆ.

ಕಾಗದಪತ್ರಗಳು ದಪ್ಪನಾಗಿದ್ದವು. ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿದೆವು. ಹಾಡುವವಳು ಇನ್ನೊಂದು ಕರಾರಿಗೂ ಸಹಿ ಹಾಕಿದಳು: ಕೆಲವು ವರ್ಷ ಅವರ ಅನುಮತಿಯಿಲ್ಲದೆ ಬೇರೆಲ್ಲೂ ಹಾಡುವಂತಿಲ್ಲ.

ಹೊಸ ಹಾಡು ಬಂದಾಗ ಅದರಲ್ಲಿ ಗಿಟಾರ್ ಇರಲಿಲ್ಲ, ತಬಲಾ ಇರಲಿಲ್ಲ. ತಾಯಿ ಇದ್ದ ಜಾಗದಲ್ಲಿ ಯಾವಳೋ ಚೆಲುವೆಯ ಕಣ್ಣುಗಳಿದ್ದವು. ನಮ್ಮ ಹಾಡುವವಳ ದನಿಯನ್ನೂ ಯಂತ್ರದಲ್ಲಿ ಎಷ್ಟು ನುಣುಪು ಮಾಡಿದ್ದರೆಂದರೆ ನನಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ವಾರ ಕಳೆಯುವುದರೊಳಗೆ ನಾವು ರೆಕಾರ್ಡ್ ಮಾಡಿದ್ದ ಹಾಡು ಇಂಟರ್‌ನೆಟ್ಟಿನಿಂದ ಮಾಯವಾಯಿತು. ಅದು ಕಂಪನಿಯ ಸ್ವತ್ತೆಂದು ಒಂದು ನೋಟಿಸು ಬಂತು. ಗಿಟಾರಿನವನು ಕಂಪನಿಗೆ ಮತ್ತೆ ಮತ್ತೆ ಬರೆದ. ಪ್ರತಿ ಸಲವೂ ಅದೇ ಅಚ್ಚಿನ ಉತ್ತರ.

ಕೆಫೆಗೂ ಹೋದೆವು. ಅಲ್ಲೀಗ ಭಾನುವಾರಗಳಂದು ಹೆಸರಾದ ಹಾಡುಗಳನ್ನಷ್ಟೇ ಹಾಡಿಸುತ್ತಿದ್ದರು. ಗಿರಾಕಿಗಳು ಗೊತ್ತಿರುವುದನ್ನೇ ಕೇಳುತ್ತಾರೆ, ನಾನೇನು ಮಾಡಲಿ ಎಂದು ಮಾಲೀಕ ಬೇಸರದಿಂದಲೇ ಹೇಳಿದ. ನಮ್ಮಂತೆ ಬರುತ್ತಿದ್ದ ಉಳಿದವರು ಎಲ್ಲಿಗೆ ಹೋದರೋ ತಿಳಿಯಲಿಲ್ಲ. ಹಾಡುವವಳಿಂದ ಕಂಪನಿ ಇನ್ನೆರಡು ಹಾಡು ಹಾಡಿಸಿತು. ಅವು ಓಡಲಿಲ್ಲ. ಮತ್ತೆ ಅವಳನ್ನು ಕರೆಯಲೂ ಇಲ್ಲ, ಕರಾರಿನಿಂದ ಬಿಡಲೂ ಇಲ್ಲ.

ಕಳೆದ ರಾಜ್ಯೋತ್ಸವಕ್ಕೆ ಇಂದಿರಾಪುರಂನ ಕನ್ನಡಿಗರು ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟಿದ್ದರು. ನಾನೂ ಗಿಟಾರಿನವನೂ ಕನ್ನಡದ ಮೂಲ ಹಾಡನ್ನು ಹೇಗೋ ಹಾಡಿದೆವು. ಹಾಡುವವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕೆಳಗಿಳಿದಾಗ ಏಳೆಂಟು ವರ್ಷದ ಹುಡುಗಿಯೊಬ್ಬಳು ಎದುರಿಗೆ ಬಂದು ನಿಂತಳು.

“ಅಂಕಲ್, ಯೇ ತೋ ಹಿಂದಿ ಸಾಂಗ್ ಹೈ ನಾ? ನೀವು ಕನ್ನಡದಲ್ಲಿ ಕಾಪಿ ಮಾಡಿದ್ದಾ?”

ಅಷ್ಟರಲ್ಲಿ ಹಾಡುವವಳು ಹತ್ತಿರ ಬಂದು ಬಾಗಿ, “ಇಲ್ಲ ಪುಟ್ಟಿ, ಮೊದಲು ಬರೆದವರು ಈ ಅಂಕಲ್ಲೇ. ಆ ಹಿಂದಿ ಹಾಡು ಹಾಡಿದಾಕಿ ನಾನು” ಎಂದಳು.

ಹುಡುಗಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, “ಅಚ್ಛಾ” ಎಂದು ಲಾಡು ಹಂಚುವ ಕಡೆ ಓಡಿದಳು.

ಹೊರಗೆ ಬಂದ ಮೇಲೆ ಅವಳೆಂದಳು: “ನಾ ಅವತ್ತು ಒಪ್ಪಬಾರದಿತ್ತು.”

“ಮೊದಲು ಒಪ್ಪಿದವನು ನಾನು” ಎಂದೆ.

ಅವಳು ಅಲ್ಲವೆನ್ನಲಿಲ್ಲ. ಗಿಟಾರಿನವನು ಸಾಮಾನು ಕಟ್ಟಿಕೊಂಡು ಬರುವವರೆಗೂ ನಾವಿಬ್ಬರೂ ಗೇಟಿನ ಬಳಿ ನಿಂತಿದ್ದೆವು.