ಉಡದಾರ ಬಿಟ್ಟು ಆರೂ ಮುಕ್ಕಾಲು ಕಿಲೋ

ಮನುಷ್ಯನ ಘನತೆಯನ್ನು ತೂಗುವ ತಕ್ಕಡಿ ಇನ್ನೂ ತಯಾರಾಗಿಲ್ಲ ಎಂದು ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಗಂಭೀರವಾಗಿ ಬೋಧಿಸಿದ್ದೇನೆ. ತಯಾರಾಗಿದೆ. ನಮ್ಮೂರ ಅಂಗನವಾಡಿಯ ತೊಲೆಗೆ ಅದನ್ನು ಜೋತುಬಿಟ್ಟಿದ್ದಾರೆ. ಕೆಳಗೆ ಕೂಸನ್ನು ಕೂರಿಸಲು ನೀಲಿ ಬಟ್ಟೆಯ ಚಡ್ಡಿಯಂಥ ಚೀಲವೊಂದು ನೇತಾಡುತ್ತದೆ. ನನ್ನ ಘನತೆ ಅದರಲ್ಲಿ ಮುಕ್ಕಾಲು ಕಿಲೋ ತೂಗಿತು.

ತೂಗಿದವರು ನಮ್ಮೂರ ನರ್ಸಬಾಯಿ. ಅವರನ್ನು ನೆನೆದರೆ ಮೊದಲು ಕಾಣುವುದು ಅವರ ಅಂಗೈಗಳು. ಯಾವ ಕೂಸನ್ನೇ ಆಗಲಿ, ಮುಟ್ಟುವ ಮುಂಚೆ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಮೇ ತಿಂಗಳಲ್ಲೂ. ನಮ್ಮೂರು ನಾಲವಾರದ ಉರಿಯುವ ಮೇ ತಿಂಗಳಲ್ಲಿ ಅಂಗೈ ಬಿಸಿ ಮಾಡಿಕೊಳ್ಳುವವರನ್ನು ಕಂಡರೆ ಔಷಧ ಅವರಿಗೇ ಬೇಕೇನೋ ಎನ್ನಿಸುವುದು ಸಹಜ. ನಾನು ಅದನ್ನೇ ಕೇಳಿದೆ.

“ಬಿಸಿ ಆಗ್ಲಿ ಅಂತ ಅಲ್ರಿ ಮಾಸ್ತರ. ಮುಟ್ಟಲಿಕತ್ತೀನಿ ಅಂತ ಕೂಸಿಗಿ ಗೊತ್ತಾಗ್ಲಿ ಅಂತ. ಹೇಳದ ಕೇಳದ ಯಾರರೆ ನಿಮ್ಮ ತೋಳ ಹಿಡದ್ರ ನೀವು ಸುಮ್ಮ ಇರ್ತೀರೇನು?”

ಅವರ ಮನೆ ಶಹಾಬಾದಿನಲ್ಲಿ. ಬೆಳಗಿನ ಪ್ಯಾಸೆಂಜರಿಗೆ ವಾಡಿ ದಾಟಿ ನಮ್ಮ ಸ್ಟೇಷನ್ನಿಗೆ ಇಳಿದು, ಸಂಜೆಯ ಗಾಡಿಗೆ ಮರಳುತ್ತಿದ್ದರು. ಹೆಗಲಿಗೆ ಚೀಲ, ಚೀಲದೊಳಗೆ ಹಸಿರು, ಹಳದಿ, ಕೆಂಪು ಬಣ್ಣದ ಒಂದು ಪಟ್ಟಿ. ಕೂಸಿನ ರಟ್ಟೆಗೆ ಅದನ್ನು ಸುತ್ತಿದರೆ ಕೂಸು ತಿನ್ನುವುದು ಮೈಗೆ ಹತ್ತುತ್ತಿದೆಯೋ ಇಲ್ಲವೋ ಎಂಬುದು ಬಣ್ಣದಲ್ಲಿ ತಿಳಿಯುತ್ತದೆ. ಅಂಥ ಪಟ್ಟಿ ದೊಡ್ಡವರ ಬುದ್ಧಿಗೂ ಇದ್ದಿದ್ದರೆ ನನ್ನದು ಕೆಂಪಿನಲ್ಲಿ ಬರುತ್ತಿತ್ತು.

ಮನೆ ನೋಡುವ ಅವರ ರೀತಿ ಇನ್ನೂ ವಿಚಿತ್ರ. ಕೂಸಿರುವ ಮನೆಗೆ ಹೊಕ್ಕರೆ ಕುರ್ಚಿ ಮುಟ್ಟುತ್ತಿರಲಿಲ್ಲ. ಸೀರೆ ಸಿಕ್ಕಿಸಿಕೊಂಡು ಫರ್ಸಿಕಲ್ಲಿನ ನೆಲದ ಮೇಲೆ ಮೊಣಕಾಲೂರಿ ಅಂಬೆಗಾಲಿಡುತ್ತಿದ್ದರು. ನಮ್ಮ ಮನೆಯಲ್ಲಿ ಹಾಗೆ ಒಂದು ಸುತ್ತು ಬಂದು, ಕದದ ಹಿಂದಿನ ಇಲಿಪಾಷಾಣದ ಪುಡಿಕೆ, ನನ್ನ ಅಂಗಿಯದೊಂದು ಗುಂಡಿ, ತುಂಬಿಟ್ಟ ಬಕೀಟು, ನಾನು ತಿಂದು ಬಿಟ್ಟಿದ್ದ ಶೇಂಗಾಕಾಳು, ಇಷ್ಟನ್ನೂ ಪತ್ತೆ ಹಚ್ಚಿದರು.

“ನಿಂತು ನೋಡಿದ್ರ ನಿಮ್ಮ ಮನಿ ಭಾಳ ಚಂದ ಅದ್ರಿ ಮಾಸ್ತರ. ಒಮ್ಮಿ ಕೂಸಿನಂಗ ನೋಡ್ರಿ. ಈ ಶೇಂಗಾ ಗಂಟಲಾಗ ಸಿಕ್ರ ಏನು ಮಾಡ್ತೀರಿ? ಕುಟ್ಟಿ ಪುಡಿ ಮಾಡಿ ಅನ್ನದಾಗ ಕಲಸ್ರಿ.”

ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ಅಂಬೆಗಾಲಿಡುವುದು ಇಲಾಖೆಯ ಯಾವ ನಿಯಮದಲ್ಲೂ ಇಲ್ಲ. ನಾನು ನಿಂತೇ ಇದ್ದೆ.

ಕೂಸು ನನ್ನ ಮೊಮ್ಮಗಳು, ಮಗನ ಮಗಳು. ವರ್ಷ ತುಂಬುವವರೆಗೆ ಚೆನ್ನಾಗಿದ್ದಳು. ಆಮೇಲೆ ಸಣಕಲಾಗತೊಡಗಿದಳು. ಕಾರಣ ನಮ್ಮ ಮನೆಯಲ್ಲೇ ಇತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾನು ಚಹಾ ಕುಡಿಯುವಾಗ ಅವಳು ತೊಡೆಯ ಮೇಲೆ ಏರುತ್ತಿದ್ದಳು. ಬಶಿಯ ಚಹಾದಲ್ಲಿ ಬಿಸ್ಕೀಟು ಅದ್ದಿ ಬಾಯಿಗಿಡುತ್ತಿದ್ದೆ. ಆಮೇಲೆ ಸೊಸೆ ತಟ್ಟೆ ಹಿಡಿದು ಬಂದರೆ ಕೂಸು ಮುಖ ತಿರುವುತ್ತಿತ್ತು. “ಹೊಟ್ಟಿ ತುಂಬ್ಯಾದ, ಬಿಡವಾ” ಎಂದು ನಾನೇ ತೀರ್ಪು ಕೊಡುತ್ತಿದ್ದೆ.

ತಿಂಗಳ ತೂಕದ ದಿನ ಅಂಗನವಾಡಿಗೆ ಕೂಸನ್ನು ಒಯ್ಯುವವನು ನಾನು. ನಮ್ಮ ಕಡೆ ನಾಲ್ಕು ಮಂದಿಯ ಎದುರು ಕೂಸಿನ ಉಡದಾರ ಬಿಚ್ಚುವುದಿಲ್ಲ, ದೃಷ್ಟಿಯಾಗುತ್ತದೆ ಎಂಬ ನಂಬಿಕೆ. ದೃಷ್ಟಿಗಿಷ್ಟಿಯನ್ನು ನಾನು ತರಗತಿಯಲ್ಲಿ ಲೇವಡಿ ಮಾಡಿದವನು. ಆದರೆ ಆ ನಂಬಿಕೆ ನನಗೆ ಆಗ ಬಹಳ ಉಪಯೋಗಕ್ಕೆ ಬಂತು. ಬೆಳ್ಳಿಯ ಉಡದಾರ, ಕಾಲ್ಗಡಗ, ಅಜ್ಜಿಯ ಕಾಲದ ದಪ್ಪ ತಾಯಿತ, ಮೇಲೆ ಸ್ವೆಟರ್, ಕುಲಾವಿ, ಹೀಗೆ ತಿಂಗಳಿಗೆ ಒಂದೆರಡು ಹೆಚ್ಚಿಸುತ್ತ, ಎಲ್ಲ ಸಮೇತ ತೂಗಿಸುತ್ತಿದ್ದೆ. ಅಂಗನವಾಡಿಯ ಟೀಚರು ನನ್ನ ಹಳೆಯ ವಿದ್ಯಾರ್ಥಿನಿ.

“ಸರ್, ಬಿಚ್ಚಿ ತೂಗಬೇಕಂತ್ರಿ” ಎಂದಳು ಒಮ್ಮೆ.

“ನಾ ಕಲಿಸಿದ್ದು ಮರ್ತೀಯೇನು? ಹಿರಿಯರು ಹೇಳಿದ್ದು ಬರಕೊಳವಾ.”

ಬರೆದುಕೊಂಡಳು. ಹೀಗೆ ಮೂರು ತಿಂಗಳು ಕಾರ್ಡಿನ ಗೆರೆ ಮೇಲೇರಿತು. ಕುಪೋಷಣೆಯೆಂಬುದು ಕಲ್ಲಿನ ಖಣಿಯ ಕೂಲಿಕಾರರ ಮನೆಗಳಲ್ಲಿ ಇರತಕ್ಕದ್ದು, ಪಿಂಚಣಿದಾರನ ಮನೆಯಲ್ಲಿ ಅಲ್ಲ ಎಂಬ ನನ್ನ ಸಿದ್ಧಾಂತವೂ ಅದರ ಜೊತೆಗೆ ಏರಿತು.

ನಾಲ್ಕನೆಯ ತಿಂಗಳು ತೂಕದ ದಿನ ನರ್ಸಬಾಯಿಯೇ ಕೂತಿದ್ದರು. ಕಾರ್ಡು ನೋಡಿದರು. ಅಂಗೈ ಉಜ್ಜಿದರು. ರಟ್ಟೆಗೆ ಪಟ್ಟಿ ಸುತ್ತಿದರು. ಮತ್ತೆ ಕಾರ್ಡು ನೋಡಿದರು.

“ಕಾರ್ಡಿನ್ಯಾಗ ಭಾಳ ಚಲೋ ಬೆಳದಾಳ್ರಿ ನಿಮ್ಮ ಮೊಮ್ಮಗಳು” ಎಂದರು. “ಪಟ್ಟಿ ಮಾತ್ರ ಕೆಂಪಿನ್ಯಾಗ ನಿಂತದ.”

ನಾನು ತಡೆಯುವ ಮೊದಲೇ ಕೂಸಿನ ಮೈಮೇಲಿನದನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಕೂಸನ್ನು ತೂಗಿದರು: ಆರೂ ಮುಕ್ಕಾಲು ಕಿಲೋ. ಬಿಚ್ಚಿದ್ದನ್ನೆಲ್ಲ ಅದೇ ಚೀಲಕ್ಕೆ ಹಾಕಿ ಅದನ್ನೂ ತೂಗಿದರು.

“ಬೆಳ್ಳಿ, ಸ್ವೆಟರ್ ಎಲ್ಲಾ ಕೂಡಿ ಮುಕ್ಕಾಲು ಕಿಲೋ. ಇವಕ್ಕೇನೂ ಅಪಾಯ ಇಲ್ರಿ ಮಾಸ್ತರ. ಕೂಸಿಗದ.”

ಸುತ್ತ ಕುಳಿತ ತಾಯಂದಿರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನರ್ಸಬಾಯಿ ನಗಲಿಲ್ಲ. ಚೀಟಿ ಬರೆದು, ಕಲಬುರಗಿಯ ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನ ಇರಿಸಿ ಎಂದರು. ಅಲ್ಲಿ ತಾಯಿ, ಮಗು ಇಬ್ಬರನ್ನೂ ಇಟ್ಟುಕೊಂಡು, ತಾಸುತಾಸಿಗೆ ಉಣಿಸಿ ಮೈ ಹಿಡಿಸುತ್ತಾರಂತೆ. ನಾನು ಚೀಟಿ ಮುಟ್ಟದೆ ಎದ್ದು ಬಂದೆ. ಅವರ ಮಾತು ಕಿವಿಗೆ ಬೀಳಲಿಲ್ಲ, ನನಗೆ ಕೇಳಿಸಿದ್ದು ಆ ನಗು ಒಂದೇ.

ನನ್ನ ಅಕ್ಷರ ದುಂಡಗೆ. ಅರ್ಜಿ ಬರೆಯುವುದರಲ್ಲಿ ಊರಿಗೇ ನಾನು ಹೆಸರಾದವನು. ಅಂದೇ ಕುಳಿತು, ಸದರಿ ನರ್ಸು ಸಾರ್ವಜನಿಕರ ಸಮಕ್ಷಮ ಹೆಣ್ಣುಕೂಸಿನ ಆಭರಣ ಕಳಚಿಸಿ ಗೌರವಾನ್ವಿತ ಕುಟುಂಬವೊಂದನ್ನು ಅಪಮಾನಿಸಿದ್ದಾರೆ ಎಂದು ಅವರ ಮೇಲಧಿಕಾರಿಗಳಿಗೆ ನಾಲ್ಕು ಪ್ರತಿ ಬರೆದೆ. ಸೊಸೆ ಬಾಗಿಲ ಬಳಿ ನಿಂತಿದ್ದಳು.

“ಮಾವಾ, ಅವರು ಹೇಳಿದ್ದು ಖರೇ ಅದ್ರಿ. ಕೂಸು ನಿಲ್ಲಲಿಕ್ಕೂ ಒಲ್ಲದು.”

“ನೀ ಒಳಗ ನಡಿ” ಎಂದೆ.

ನಮ್ಮ ಓಣಿಯ ನಳದ ಬಗ್ಗೆ ನಾನು ಕೊಟ್ಟ ಅರ್ಜಿಗೆ ಒಂಬತ್ತು ವರ್ಷದಿಂದ ಉತ್ತರವಿರಲಿಲ್ಲ. ಇದಕ್ಕೆ ಒಂದು ತಿಂಗಳೂ ಹಿಡಿಯಲಿಲ್ಲ. ನರ್ಸಬಾಯಿಯನ್ನು ಚಿಂಚೋಳಿಯ ಕಡೆ, ತೆಲಂಗಾಣದ ಗಡಿಯ ಕಾಡಿನ ಹಳ್ಳಿಗಳಿಗೆ ಹಾಕಿದರು. ರೈಲಿಲ್ಲ. ಗಂಡನನ್ನು ಶಹಾಬಾದಿನಲ್ಲಿ ಬಿಟ್ಟು ಅಲ್ಲಿ ಕೋಣೆ ಹಿಡಿದರು ಎಂದು ಯಾರೋ ಹೇಳಿದರು. ಸತ್ಯಕ್ಕೆ ಜಯವಾಯಿತೆಂದು ನಾನು ಆ ದಿನ ಎರಡು ಬಶಿ ಚಹಾ ಕುಡಿದೆ. ಕೂಸಿಗೂ ಕುಡಿಸಿದೆ.

ಮುಂದಿನ ವಾರವೇ ಕೂಸಿಗೆ ಭೇದಿ ಹತ್ತಿತು. ಎರಡನೆಯ ದಿನಕ್ಕೆ ಕಣ್ಣು ಗುಳಿಬಿದ್ದವು, ಅಳುವುದಕ್ಕೂ ತ್ರಾಣವಿಲ್ಲ. ಮಗ ಕೆಲಸದ ಮೇಲೆ ಸೇಡಂನಲ್ಲಿದ್ದ. ನಾನು ಯಾವ ಡಾಕ್ಟರ ಬಳಿ ಹೋದರೆ ಮರ್ಯಾದೆ ಉಳಿದೀತು ಎಂದು ಯೋಚಿಸುತ್ತಿದ್ದೆ. ಸೊಸೆ ನನ್ನನ್ನು ಕೇಳದೆ ಫೋನ್ ಹಚ್ಚಿದಳು. ಚಿಂಚೋಳಿಗೆ.

ಹತ್ತು ನಿಮಿಷದಲ್ಲಿ ಆ ಕಡೆಯಿಂದ ಮರಳಿ ಫೋನು ಬಂತು. ಕೇಂದ್ರದಲ್ಲಿ ಹೇಳಿದ್ದೇನೆ, ಹಾಸಿಗೆ ಇದೆ, ಸಿಕ್ಕ ಗಾಡಿಗೆ ಹೊರಡಿರಿ, ದಾರಿಯುದ್ದಕ್ಕೂ ಓಆರ್‌ಎಸ್ ನೀರು ಚಮಚೆ ಚಮಚೆ ಹಾಕುತ್ತಿರಿ ಎಂದರು. ಕಡೆಗೆ, “ಮಾಸ್ತರೂ ಜೋಡಿ ಬರಲಿ. ಬ್ಯಾಗ್ ಹಿಡೀಲಿಕ್ಕ ಒಬ್ಬರು ಬೇಕು.”

ಬ್ಯಾಗು ಹಿಡಿದೆ. ಕೇಂದ್ರದಲ್ಲಿ, ಯಾರು ಕಳಿಸಿದ್ದು, ಚೀಟಿ ಇದೆಯೇ ಎಂದರು. ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಸೊಸೆ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಚೀಟಿ ತೆಗೆದಳು. ತೂಕದ ಮರುದಿನವೇ ಅಂಗನವಾಡಿಗೆ ಹೋಗಿ ಇಸಿದುಕೊಂಡು ಬಂದಿದ್ದಳಂತೆ. ಅದರಲ್ಲಿ ಬರೆದಿತ್ತು: ‘ತೂಕ 6.75, ಉಡದಾರ ಬಿಟ್ಟು. ತಾಯಿ ಜಾಣೆ. ಮನೆಯಲ್ಲಿ ಚಹಾ ನಿಲ್ಲಿಸಲು ತಿಳಿಹೇಳಬೇಕು.’ ನನ್ನ ಹೆಸರಿರಲಿಲ್ಲ. ಅರ್ಜಿಯಲ್ಲಿ ನಾನು ಅವರ ಹೆಸರನ್ನು ಏಳು ಸಲ ಬರೆದಿದ್ದೆ.

ಹದಿನಾಲ್ಕು ದಿನವಾದ ಮೇಲೆ ಕೂಸು ಕೈಯೂರಿ ಎದ್ದು ನಿಂತಿತು. ನಾನು ಊರಿಗೆ ಬಂದು, ಮೊದಲ ಅರ್ಜಿಯಲ್ಲಿ ಬರೆದದ್ದು ಸುಳ್ಳೆಂದು ಎರಡನೆಯ ಅರ್ಜಿ ಬರೆದೆ. ಅದಕ್ಕೆ ನಳದ ಅರ್ಜಿಯ ಗತಿಯಾಯಿತು.

ಮುಂದೊಂದು ದಿನ ಕ್ಷಮೆ ಕೇಳಲೆಂದೇ ಚಿಂಚೋಳಿಯ ಬಸ್ಸು ಹತ್ತಿದೆ. ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಹಳ್ಳಿಯೊಂದರ ಮಣ್ಣಿನ ಮನೆಯಲ್ಲಿ ಅವರು ಮೊಣಕಾಲೂರಿ, ಮಂಚದ ಕೆಳಗಿನಿಂದ ಏನನ್ನೋ ಎಳೆಯುತ್ತಿದ್ದರು. ಸೀಮೆಎಣ್ಣೆಯ ಬಾಟಲಿ.

“ಬರ್ರಿ ಮಾಸ್ತರ, ಕುಂದ್ರಿ. ಮೊಮ್ಮಗಳು ಹ್ಯಾಂಗಿದಾಳ?”

“ಓಡಾಡಲಿಕತ್ಯಾಳ್ರಿ. ಅನ್ನ ಬ್ಯಾಳಿ ಉಣ್ತಾಳ” ಎಂದೆ. ಜೋಡಿಸಿಕೊಂಡ ಮಾತು ಗಂಟಲಲ್ಲಿ ಶೇಂಗಾಕಾಳಿನಂತೆ ಕೂತಿತು. “ಇಲ್ಲಿ ಹವಾ ಭಾಳ ಚಲೋ ಅದ್ರಿ” ಎಂದುಬಿಟ್ಟೆ.

ಅವರು ಬಾಟಲಿಯನ್ನು ಎತ್ತರದ ಗೂಡಿನಲ್ಲಿಟ್ಟರು. “ಹೌದ್ರಿ” ಎಂದರು. “ಎಲ್ಲಾ ನಿಮ್ಮ ಕೃಪಾ.”

ಆಮೇಲೆ ಅಂಗೈ ಉಜ್ಜಿಕೊಂಡು, ಎದುರಿಗಿದ್ದ ಕೂಸಿನ ಕಡೆ ತಿರುಗಿದರು. ನಾನು ಮಧ್ಯಾಹ್ನದ ಬಸ್ಸಿಗೆ ಮರಳಿದೆ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ನರ್ಸಬಾಯಿ ನಿವೃತ್ತರಾಗುವ ತನಕ ಚಿಂಚೋಳಿಯಲ್ಲೇ ಇದ್ದರು.