ವಾಲ್ವ್ ಬಂದಿದೆ, ಎಲ್ಲರೂ ಬನ್ನಿ

“ವಾಲ್ವ್ ಬಂದಿದೆ. ಭಾನುವಾರ ಸಂಜೆ ಐದಕ್ಕೆ ನಮ್ಮನೆಗೆ ಬನ್ನಿ. ಮೂರನ್ನೂ ಹಾಕಿ ನೋಡೋಣ.”

ವಾಟ್ಸ್‌ಆ್ಯಪ್‌ನಲ್ಲಿ ನಾನು ಹಾಕಿದ್ದು ಇಷ್ಟೇ. ಹೋಗಬೇಕಿದ್ದದ್ದು ಗಿಟಾರ್ ಗೆಳೆಯರ ಗ್ರೂಪಿಗೆ. ಹೋಗಿದ್ದು ವಿದ್ಯಾರಣ್ಯಪುರದ ನಮ್ಮ ಬೀದಿಯ ಗ್ರೂಪಿಗೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು ದಿನಾ ಗೋಳಾಡುವ ಗ್ರೂಪು ಅದು. ಅಲ್ಲಿ ವಾಲ್ವ್ ಎಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕೇ?

ಟಪಟಪ ಥಂಬ್ಸ್ ಅಪ್ ಬಿದ್ದವು. ನನ್ನ ಗಿಟಾರಿಗೆ ಇಷ್ಟೊಂದು ಅಭಿಮಾನಿಗಳೇ ಎಂದು ಹಿಗ್ಗಿ ಹೀರೇಕಾಯಿಯಾದೆ. (ಗ್ರೂಪಿನ ಹೆಸರು ಯಾರು ನೋಡುತ್ತಾರೆ?)

ನನ್ನ ವಾಲ್ವ್ ಬೇರೆ. ಗಿಟಾರ್ ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಬುರುಡೆ. ಹಳೇ ರೇಡಿಯೊಗಳಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಅದೇ ಜಾತಿ. ಅದನ್ನು ಬದಲಿಸಿದರೆ ಗಿಟಾರಿನ ದನಿಯೇ ಬದಲಾಗುತ್ತದೆ ಎಂದು ನನ್ನ ವಾದ. ಎಲ್ಲಾ ಒಂದೇ ಎಂದು ನನ್ನ ಗಂಡ ನಾಗೇಶನ ವಾದ. ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ನಾನು ಕಣ್ಣು ಕಟ್ಟಿಕೊಂಡು ಮೂರು ವಾಲ್ವ್‌ಗಳನ್ನೂ ಗುರುತಿಸಬೇಕು. ತಪ್ಪಿದರೆ ಆಂಪ್ ಹಾಲ್‌ನಿಂದ ಟೆರೇಸಿನ ರೂಮಿಗೆ ಗಡಿಪಾರು.

ಭಾನುವಾರ ಬಾಗಿಲು ತೆರೆದರೆ ಇಡೀ ಬೀದಿ ನಿಂತಿದೆ. ಎಲ್ಲರ ಮುಂದೆ ನಮ್ಮ ಬೀದಿಗೆ ನೀರು ಬಿಡುವ ವಾಟರ್‌ಮ್ಯಾನ್, ಅಟ್ಟೂರಿನ ಮುನಿರಾಜು. ಕೈಯಲ್ಲಿ ವಾಲ್ವ್ ತಿರುಗಿಸುವ ಆಳುದ್ದದ ಕಬ್ಬಿಣದ ಕೀ.

“ಏನ್ ಮೇಡಂ, ನಂಗೊಂದ್ ಮಾತೂ ಏಳ್ದೆ ಇಂಗೆ ನೀವೇ ವಾಲ್ವ್ ತರ್ಸಿಬಿಟ್ರಾ?”

ಗಾಜಿನ ಬುರುಡೆ ತೋರಿಸಿದೆ. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಇದ್ರಾಗೆ ನೀರ್ ಎಲ್ಲಿಂದ ಬತ್ತದೆ?”

ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಬಂದವರನ್ನು ವಾಪಸ್ ಕಳಿಸುವುದುಂಟೇ? ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದೆ.

ಆರ್.ಟಿ. ನಗರದಲ್ಲಿ ಆಂಪ್ ರಿಪೇರಿ ಮಾಡುವ ಇಮ್ತಿಯಾಜ್ ಭಾಯ್‌ಗೆ ಫೋನ್ ಮಾಡಿ ಕರೆಸಿದ್ದೆ. ಹಳೇದು, ಹೊಸದು, ದುಬಾರಿಯದು ಎಂದು ಹೇಳಿ ಹೇಳಿ, ಒಂದೊಂದನ್ನೇ ಹಾಕಿ ಗಿಟಾರ್ ನುಡಿಸಿದರು. ಆಮೇಲೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಕ್ರಮವನ್ನು ಅದಲುಬದಲು ಮಾಡಿದರು.

“ಆಹಾ, ಎಷ್ಟು ಬೆಚ್ಚಗಿದೆ. ಇದೇ ದುಬಾರಿಯದು” ಎಂದೆ. ಅದು ಹಳೇದು. ಮೂರಕ್ಕೆ ಮೂರೂ ತಪ್ಪು. ನಾಗೇಶ ಕೆಮ್ಮಿದ. ನನಗೆ ನಿಜಕ್ಕೂ ಅಳು ಬಂತು.

“ನಾನೊಂದ್ ಕಿತ ಏಳ್ಲಾ ಮೇಡಂ?” ಎಂದರು ಮುನಿರಾಜು.

ಕಬ್ಬಿಣದ ಕೀಯ ಒಂದು ತುದಿಯನ್ನು ಆಂಪ್‌ನ ಮರದ ಪೆಟ್ಟಿಗೆಗೆ ಒತ್ತಿದರು, ಇನ್ನೊಂದು ತುದಿಗೆ ಕಿವಿಯಿಟ್ಟರು. ನೆಲದಡಿಯ ಪೈಪಿನಲ್ಲಿ ನೀರು ಎಲ್ಲಿ ಸೋರುತ್ತಿದೆ ಎಂದು ಅವರು ಪತ್ತೆ ಮಾಡುವುದೇ ಹಾಗೆ. ಅವರು ಕಣ್ಣು ಮುಚ್ಚಿದರು, ಭಾಯ್ ಮತ್ತೆ ಒಂದೊಂದೇ ವಾಲ್ವ್ ಹಾಕುತ್ತಾ ಹೋದರು.

“ಇದು ಒಸ್ದು. ಇದು ಅಳೇದು, ಸಣ್ಣಗೆ ಸುಯ್ ಅಂತದೆ. ಇದು ನಿಮ್ ದುಬಾರಿದು, ಸದ್ದೇ ಇಲ್ಲ.”

ಮೂರೂ ಸರಿ. ಇಮ್ತಿಯಾಜ್ ಭಾಯ್ ನಂಬದೆ ಮತ್ತೆ ಅದಲುಬದಲು ಮಾಡಿದರು. ಮತ್ತೆ ಮೂರೂ ಸರಿ.

“ಅರೆ, ಏನ್ ಕಿವಿ ಗುರೂ ನಿಂದು” ಎಂದು ಭಾಯ್ ತಲೆದೂಗಿದರು. ಬೀದಿಯವರೆಲ್ಲ ಚಪ್ಪಾಳೆ ಹೊಡೆದರು. ನಾನು ಎಲ್ಲರಿಗಿಂತ ಜೋರಾಗಿ ಹೊಡೆದೆ. ವ್ಯತ್ಯಾಸ ಇದೆ ಎಂದು ಸಾಬೀತಾಯಿತಲ್ಲ?

“ನೀನು ವಾದ ಗೆದ್ದೆ ಕಣೇ, ಪಂದ್ಯ ಸೋತೆ” ಎಂದ ನಾಗೇಶ. ಬಂದವರೇ ಕೈ ಹಾಕಿ ಆಂಪನ್ನು ಮೆಟ್ಟಿಲು ಹತ್ತಿಸಿದರು.

ಈಗ ಟೆರೇಸಿನಲ್ಲಿ ಕೂತು ಯೋಚಿಸುತ್ತಿದ್ದೇನೆ. ನಾನು ಬದಲಿಸಬೇಕಿದ್ದದ್ದು ವಾಲ್ವೋ, ಕಿವಿಯೋ?